ಅಂಗವಿಕಲ ಶಿಶುವಿನ ಪೋಷಣೆಯೂ ಇಂಗ್ಲೆಂಡಿನ ಧನಸಹಾಯ ಶಾಸನಗಳೂ

ಮಕ್ಕಳನ್ನು ಸಾಕಿ ಸಲಹುವುದು ತಾಯಿತಂದೆಗಳ ಧರ್ಮವೆಂಬ ವಿಷಯದಲ್ಲಿ ಯಾವ ದೇಶದ ಶಾಸ್ತ್ರಕಾರರಿಗೂ ಭಿನ್ನಾಭಿಪ್ರಾಯವಿದ್ದಂತೆ ಕಾಣುವುದಿಲ್ಲ. ಧರ್ಮವೆಂದ ಮೇಲೆ ಅದಕ್ಕೆ ಕೂಲಿಯಿಲ್ಲವೆಂಬುದೂ ಅದರೊಡನೆಯೇ ಬಂದ ಮಾತು. ಆದರೆ ಹತ್ತು ವರ್ಷ ತುಂಬಿದ ಮೇಲೂ ತಾನಾಗಿ ಎದ್ದು ಕುಳಿತುಕೊಳ್ಳಲಾರದ, ತುತ್ತನ್ನು ಬಾಯಿಗೆ ಇಡಿಸಿಕೊಳ್ಳಬೇಕಾದ, ರಾತ್ರಿ ನಾಲ್ಕಾರು ಸಲ ಮಗ್ಗುಲು ಬದಲಾಯಿಸಿ ಮಲಗಿಸಬೇಕಾದ ಮಗುವೊಂದು ಮನೆಯಲ್ಲಿದ್ದರೆ ಆ ಧರ್ಮದ ಎಲ್ಲೆ ಎಲ್ಲಿಗೆ ನಿಲ್ಲುವುದು? ಎಲ್ಲ ತಾಯಿತಂದೆಗಳೂ ಮಾಡತಕ್ಕ ಪಾಲನೆ ಎಷ್ಟು, ಅದಕ್ಕೆ ಮೀರಿದುದು ಎಷ್ಟು? ಮೀರಿದ ಭಾಗಕ್ಕೆ ಸಮಾಜವು ಹಣ ಕೊಡುವುದಾದರೆ ಆ ಹಣ ಮಗುವಿನದೋ, ಮಗುವನ್ನು ನೋಡಿಕೊಳ್ಳುವವರದೋ? ಈ ಪ್ರಶ್ನೆಗಳಿಗೆ ಇಂಗ್ಲೆಂಡಿನ ಶಾಸನಗಳು ನಾಲ್ಕು ಶತಮಾನಗಳಲ್ಲಿ ಕೊಟ್ಟ ಉತ್ತರಗಳನ್ನು ಪರ್ಯಾಲೋಚಿಸುವುದು ಈ ಲೇಖನದ ಉದ್ದೇಶ.

ಇಂಗ್ಲೆಂಡನ್ನು ಆರಿಸಿಕೊಂಡುದಕ್ಕೆ ಕಾರಣಗಳುಂಟು. ಅಲ್ಲಿ 1601ರಿಂದ ಈಚಿನ ವರೆಗೆ ಈ ವಿಷಯದ ಶಾಸನಗಳು ಸರಪಣಿಯ ಕೊಂಡಿಗಳಂತೆ ಒಂದಕ್ಕೊಂದು ತಗಲಿಕೊಂಡು ಬಂದಿವೆ. ಶಾಸನದ ಮಾತು ಬದಲಾದಾಗ ಸಮಾಜದ ಮನಸ್ಸು ಎಷ್ಟು ಬದಲಾಯಿತೆಂಬುದನ್ನು ಅಳೆಯಲು ಅದು ಅನುಕೂಲ. ಅಲ್ಲದೆ ನಮ್ಮ ದೇಶದ ಪೋಷಣವಿಧಿಯ ಒಂದು ಭಾಗವು ಅಲ್ಲಿಯ ವಿಚಾರದಿಂದಲೇ ಬಂದುದು. ಒಂದು ಭಾಗ ಮಾತ್ರ ಬಂದಿತೆಂಬುದನ್ನು ಕೊನೆಯಲ್ಲಿ ತೋರಿಸುವೆನು. ಹಳೆಯ ಶಾಸನಗಳು ಬಳಸಿದ ಕುರುಡ, ಕುಂಟ, ಜಡ ಮೊದಲಾದ ಮಾತುಗಳು ಇಂದಿನ ಕಿವಿಗೆ ಕಠೋರವಾಗಿವೆ. ಅವುಗಳ ವಿಂಗಡಣೆಯಲ್ಲಿಯೇ ಚರಿತ್ರೆಯ ಅರ್ಥ ಅಡಗಿರುವುದರಿಂದ ಆಯಾ ಶಾಸನವನ್ನು ಹೇಳುವೆಡೆ ಆಯಾ ಮಾತನ್ನೇ ಇಟ್ಟುಕೊಂಡಿದ್ದೇನೆ.

ಎಲಿಜಬೆತ್ ರಾಣಿಯ ಆಳಿಕೆಯ 43ನೆಯ ವರ್ಷದ, ಎಂದರೆ 1601ರ, ಬಡವರ ಶಾಸನವು ಈ ಪರಂಪರೆಗೆ ಮೂಲ. ಪ್ರತಿಯೊಂದು ಪ್ಯಾರಿಷ್ಷಿನಲ್ಲಿಯೂ ಬಡವರ ಮೇಲ್ವಿಚಾರಕರನ್ನು ನೇಮಿಸಬೇಕೆಂದೂ ಅವರು ನಿವಾಸಿಗಳ ಮೇಲೆ ಕಂದಾಯ ಹಾಕಿ ಆ ಹಣದಿಂದ ಕುಂಟರು, ಅಶಕ್ತರು, ಮುದುಕರು, ಕುರುಡರು ಮೊದಲಾದ ದುಡಿಯಲಾರದ ಬಡವರಿಗೆ ನೆರವಾಗಬೇಕೆಂದೂ ಆ ಶಾಸನ ವಿಧಿಸಿತು. ಊರಿನ ಜನರೆಲ್ಲರ ಮೇಲೆ ಬಲಾತ್ಕಾರವಾಗಿ ಹಾಕಿದ ಕಂದಾಯದಿಂದ ಅಶಕ್ತನಿಗೆ ಅನ್ನ ದೊರೆಯಬೇಕೆಂಬ ಈ ಏರ್ಪಾಡು ಆ ಕಾಲಕ್ಕೆ ಸಾಮಾನ್ಯವಾದುದಲ್ಲ. ಆದರೆ ಅದೇ ಶಾಸನದಲ್ಲಿ ಇನ್ನೊಂದು ಕಲಮು ಇದೆ. ಬಡವನಾದ ಕುರುಡ, ಕುಂಟ ಅಥವಾ ಅಶಕ್ತನ ತಂದೆ, ತಾತ, ತಾಯಿ, ಅಜ್ಜಿ ಮತ್ತು ಮಕ್ಕಳು ಶಕ್ತರಾಗಿದ್ದರೆ ಅವರೇ ತಮ್ಮ ಸ್ವಂತ ವೆಚ್ಚದಿಂದ ಅವನನ್ನು ಪೋಷಿಸತಕ್ಕುದು. ತಪ್ಪಿದರೆ ತಿಂಗಳಿಗೆ 20 ಶಿಲಿಂಗ್ ದಂಡ. ಮೂರು ತಲೆಮಾರುಗಳ ಕೈ ಬರಿದಾದ ಮೇಲೆಯೇ ಪ್ಯಾರಿಷ್ಷಿನ ಕೈ ಮುಂದೆ ಬರುವುದು.

ಈ ಪಟ್ಟಿಯಲ್ಲಿ ಅಣ್ಣತಮ್ಮಂದಿರಿಲ್ಲ, ಚಿಕ್ಕಪ್ಪ ದೊಡ್ಡಪ್ಪಂದಿರಿಲ್ಲ, ಸೋದರಮಾವನಿಲ್ಲ ಎಂಬುದನ್ನು ನಮ್ಮ ವಾಚಕರು ಗಮನಿಸದೆ ಇರಲಾರರು. ಅವಿಭಕ್ತ ಕುಟುಂಬದ ಕಲ್ಪನೆ ಅಲ್ಲಿಲ್ಲ. ರಕ್ತದ ನೇರ ರೇಖೆಯೊಂದೇ ಉಂಟು. ಆದುದರಿಂದ ಅಂಗವಿಕಲ ಮಗುವಿನ ಭಾರವು ಅಡ್ಡಡ್ಡವಾಗಿ ಹಂಚಿಹೋಗದೆ ತಾಯಿತಂದೆಗಳ ಮೇಲೆಯೇ ನೆಟ್ಟಗೆ ಬಿದ್ದಿತು. ಅವರು ತೀರ ಬಡವರಾದಾಗ ಮೇಲ್ವಿಚಾರಕರು ವಾರಕ್ಕಿಷ್ಟೆಂದು ಕೊಡುತ್ತಿದ್ದ ಹಣವು ಹಸಿವಿಗೆ ಕೊಟ್ಟುದೇ ಹೊರತು ಪಾಲನೆಗೆ ಕೊಟ್ಟುದಲ್ಲ. ನೆರೆಮನೆಯ ಹೆಂಗಸು ರೋಗಿಯನ್ನು ನೋಡಿಕೊಂಡರೆ ಪ್ಯಾರಿಷ್ಷಿನ ಲೆಕ್ಕದಲ್ಲಿ ಅವಳಿಗೆ ಕೆಲವು ಪೆನ್ನಿಗಳು ಸಲ್ಲುತ್ತಿದ್ದುದುಂಟು; ಅದೇ ಕೆಲಸವನ್ನು ಹೆತ್ತ ತಾಯಿ ಮಾಡಿದರೆ ಅದು ಲೆಕ್ಕಕ್ಕೇ ಬರುತ್ತಿರಲಿಲ್ಲ. ಈ ಭೇದವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. 1976ರ ವರೆಗೂ ಅದು ಅಳಿಯಲಿಲ್ಲ.

1834ರಲ್ಲಿ ಬಡವರ ಶಾಸನವನ್ನು ಬುಡದಿಂದ ತಿದ್ದಲಾಯಿತು. ಸಹಾಯವು ಸುಲಭವಾದರೆ ಜನರು ದುಡಿಯುವುದಿಲ್ಲವೆಂಬ ಭಯವು ಆ ತಿದ್ದುಪಡಿಯ ಪ್ರಾಣ. ಶಕ್ತನಾದವನು ಸಹಾಯ ಬೇಡಿದರೆ ವರ್ಕ್‌ಹೌಸ್ ಎಂಬ ದುಡಿಮೆಯ ಮನೆಗೇ ಬರಲೆಂಬುದು ಅದರ ನೀತಿ. ಈ ಶಾಸನದ 56ನೆಯ ಕಲಮು ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದುದು. ಹದಿನಾರು ವರ್ಷ ತುಂಬದ ಮಗುವಿಗೆ ಕೊಟ್ಟ ಸಹಾಯವನ್ನು ತಂದೆಗೇ ಕೊಟ್ಟಂತೆ ಎಣಿಸಬೇಕೆಂದು ಅದು ಹೇಳಿತು. ಇದರ ಪರಿಣಾಮ ಸಾಮಾನ್ಯವಲ್ಲ. ಮಗುವಿನ ಸಲುವಾಗಿ ಕಾಸು ಪಡೆದ ತಂದೆಯು ಕಾನೂನಿನ ಕಣ್ಣಿಗೆ ಭಿಕಾರಿಯಾದನು. ಅಂಥವನಿಗೆ ಮತಾಧಿಕಾರವಿದ್ದರೆ ಅದು ಹೋಗುತ್ತಿತ್ತು. 1918ರ ವರೆಗೂ ಈ ಅನರ್ಹತೆ ಇತ್ತು. ಅವನು ಗಟ್ಟಿಮುಟ್ಟಾದ ಆಳಾಗಿದ್ದರೆ ಸಂಸಾರಸಮೇತ ವರ್ಕ್‌ಹೌಸಿಗೆ ಹೋಗೆನ್ನುವ ಅಧಿಕಾರವೂ ಪಾಲಕರ ಮಂಡಲಿಗೆ ಬಂದಿತು.

ಆದರೆ ಕಲಮಿನ ನಡುವೆ ಶಾಸನಕಾರರು ಒಂದು ಸಣ್ಣ ಅಪವಾದವನ್ನು ಸೇರಿಸಿದರು. ಮಗುವು ಕುರುಡಾಗಿದ್ದರೆ, ಅಥವಾ ಕಿವುಡಮೂಕವಾಗಿದ್ದರೆ, ಅದಕ್ಕೆ ಕೊಟ್ಟ ಸಹಾಯವು ತಂದೆಗೆ ಕೊಟ್ಟಂತಾಗುವುದಿಲ್ಲ. ಇಂಗ್ಲಿಷಿನಲ್ಲಿ ಕೆಲವೇ ಪದಗಳ ಈ ಉಪವಾಕ್ಯವನ್ನು ಚರಿತ್ರಕಾರರು ಹೆಚ್ಚಾಗಿ ದಾಟಿ ಹೋಗುವರು. ನನಗೆ ತೋರುವಂತೆ, ಅಂಗವಿಕಲ ಮಗುವಿನ ಅವಶ್ಯಕತೆಯು ತಂದೆಯ ಬಡತನಕ್ಕಿಂತ ಬೇರೆಯಾದುದೆಂಬ ವಿಚಾರವು ಆ ದೇಶದ ಶಾಸನದಲ್ಲಿ ಸ್ಪಷ್ಟವಾಗಿ ಕಾಣಿಸಿಕೊಂಡುದು ಇಲ್ಲಿಯೇ. ಅದುವರೆಗೆ ಪ್ರಶ್ನೆ ಒಂದೇ ಆಗಿತ್ತು: ಮನೆಯವರು ಬಡವರೋ ಅಲ್ಲವೋ? ಈಗ ಎರಡನೆಯ ಪ್ರಶ್ನೆ ಹುಟ್ಟಿತು: ಮಗುವಿನ ಸ್ಥಿತಿ ಎಂಥದು?

ಕುರುಡು ಕಿವುಡುಗಳಿಗೆ ಮಾತ್ರ ಈ ರಿಯಾಯಿತಿಯೇಕೆ? ಕಾಲಿಲ್ಲದ ಮಗುವೂ ಬುದ್ಧಿ ಬೆಳೆಯದ ಮಗುವೂ ಏಕೆ ಹೊರಗುಳಿದವು? ಶಾಸನವು ಕಾರಣವನ್ನು ಹೇಳುವುದಿಲ್ಲ. ಊಹೆಗೆ ಒಂದು ಆಧಾರವುಂಟು. ಲಿವರ್‌ಪೂಲಿನಲ್ಲಿ ಕುರುಡರ ಶಾಲೆಯು 1791ರಲ್ಲಿಯೂ ಲಂಡನ್ನಿನಲ್ಲಿ ಕಿವುಡರ ಆಶ್ರಮವು 1792ರಲ್ಲಿಯೂ ಆರಂಭವಾಗಿದ್ದವು. ಹೀಗೆ ಈ ಎರಡು ಬಗೆಯ ಮಕ್ಕಳನ್ನು ಮನೆಯಿಂದ ಹೊರಗೆ ಕಳುಹಿಸಿ ಓದಿಸುವ ಸ್ಥಳಗಳು ಆಗಲೇ ಇದ್ದುವು. ಕಳುಹಿಸಿದಾಗ ವೆಚ್ಚದ ಲೆಕ್ಕವು ಮನೆಯ ಲೆಕ್ಕದಿಂದ ತಾನೇ ಬೇರೆಯಾಗುತ್ತಿತ್ತು. ಮನೆಯೊಳಗೇ ಇದ್ದು ತಾಯಿಯ ತೊಡೆಯ ಮೇಲೆ ಬೆಳೆಯುವ ಮಗುವಿನ ವೆಚ್ಚವನ್ನು ಬೇರೆಮಾಡಿ ನೋಡುವ ಕಣ್ಣು ಇನ್ನೂ ತೆರೆದಿರಲಿಲ್ಲ. ಕಣ್ಣು ಕಿವಿಗಳ ಲೋಪವನ್ನು ಸೋಗು ಹಾಕಿ ತೋರಿಸುವುದು ಕಷ್ಟವೆಂಬ ಎಣಿಕೆಯೂ ಇದ್ದಿರಬಹುದು. ಮೋಸಹೋಗಬಾರದೆಂಬ ಚಿಂತೆಯು 1834ರ ಶಾಸನದ ಪ್ರತಿಯೊಂದು ಪುಟದಲ್ಲಿಯೂ ಇದೆ.

ಅಲ್ಲಿಂದ ಮುಂದಿನ ಶತಮಾನದ ಕಥೆಯನ್ನು ಬೇಗನೆ ಹೇಳಬಹುದು. 1862ರ ಶಾಸನವು ಬಡವರ ಮಕ್ಕಳಲ್ಲಿ ಕುರುಡ, ಕಿವುಡ, ಕುಂಟ, ಬುದ್ಧಿಮಾಂದ್ಯವುಳ್ಳವರನ್ನು ಮಾನ್ಯತೆ ಪಡೆದ ಶಾಲೆಗಳಿಗೆ ಕಳುಹಿಸಿ ವೆಚ್ಚವನ್ನು ಕೊಡುವ ಅಧಿಕಾರವನ್ನು ಪಾಲಕರ ಮಂಡಲಿಗಳಿಗಿತ್ತಿತು. 1893ರ ಶಾಸನವು ಕುರುಡ ಮತ್ತು ಕಿವುಡ ಮಕ್ಕಳ ಶಿಕ್ಷಣವನ್ನು ಶಾಲಾಧಿಕಾರಿಗಳ ಕರ್ತವ್ಯವೆಂದು ವಿಧಿಸಿತು. ಈ ವೆಚ್ಚದ ಕಾರಣದಿಂದ ತಂದೆಯ ಮತಾಧಿಕಾರಕ್ಕೆ ಲೋಪವಿಲ್ಲವೆಂದೂ ಸ್ಪಷ್ಟಪಡಿಸಿತು. ಮಗುವಿಗೆ ಅಕ್ಷರ ಕಲಿಸಿದುದಕ್ಕಾಗಿ ತಂದೆಯು ಭಿಕಾರಿಯಾಗಬೇಕಿಲ್ಲವೆಂದು ಶಾಸನದಲ್ಲಿ ಬರೆಯಬೇಕಾಯಿತೆಂದರೆ ಹಿಂದಿನ ಅವಮಾನ ಎಷ್ಟಿತ್ತೆಂಬುದು ತಿಳಿಯುವುದು. 1899ರಲ್ಲಿ ಇತರ ದೋಷಗಳುಳ್ಳ ಮಕ್ಕಳಿಗೂ ಮೂರ್ಛೆರೋಗದ ಮಕ್ಕಳಿಗೂ ಶಾಲೆಗಳನ್ನು ತೆರೆಯಲು ಅನುಮತಿ ದೊರೆಯಿತು. 1913ರ ಶಾಸನವು ಬುದ್ಧಿಮಾಂದ್ಯವುಳ್ಳವರನ್ನು ಸಂಸ್ಥೆಗಳಲ್ಲಿ ಇರಿಸುವ ಮಾರ್ಗವನ್ನು ವಿಸ್ತರಿಸಿತು. ಇವುಗಳಲ್ಲೆಲ್ಲ ಒಂದು ಸಾಮಾನ್ಯ ಲಕ್ಷಣವುಂಟು. ಮಗುವು ಮನೆಯ ಹೊಸಲು ದಾಟಿದರೆ ಹಣವಿದೆ. ಮನೆಯಲ್ಲಿಯೇ ಉಳಿದರೆ ಇಲ್ಲ. ಮಗುವನ್ನು ಬಿಟ್ಟುಕೊಡಲೊಲ್ಲದ ತಾಯಿಗೆ ಸರ್ಕಾರವು ಹೇಳತಕ್ಕುದೇನೂ ಇರಲಿಲ್ಲ.

ಎರಡನೆಯ ಮಹಾಯುದ್ಧದ ಕೊನೆಗೆ ಹಣವು ಮನೆಯ ಬಾಗಿಲಿಗೆ ಬರಲು ಮೊದಲಾಯಿತು. ಇದಕ್ಕಾಗಿ ಬಹುಕಾಲ ವಾದಿಸಿದವರು ಪಾರ್ಲಿಮೆಂಟಿನ ಸದಸ್ಯೆ ಎಲೀನರ್ ರ‍್ಯಾತ್‌ಬೋನ್ ಎಂಬುವರು. 1924ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿಯೇ ಮಕ್ಕಳ ಪೋಷಣೆಗೆ ತಾಯಿಯ ಕೈಗೆ ನೇರವಾಗಿ ಹಣ ಸಲ್ಲಬೇಕೆಂದು ಅವರು ಪ್ರತಿಪಾದಿಸಿದ್ದರು. 1945ರ ಕುಟುಂಬಭತ್ಯದ ಶಾಸನವು ಎರಡನೆಯ ಮಗುವಿನಿಂದ ಮೊದಲುಗೊಂಡು ಪ್ರತಿ ಮಗುವಿಗೂ ವಾರಕ್ಕೆ 5 ಶಿಲಿಂಗ್ ಕೊಟ್ಟಿತು; ಅವರ ಹಟದಿಂದ ಹಣವು ತಾಯಿಯ ಕೈಗೇ ಬಂದಿತು. ಪೋಷಣೆಗೆ ಬೆಲೆಯುಂಟೆಂಬ ತತ್ತ್ವವು ಹೀಗೆ ಸ್ಥಾಪಿತವಾದರೂ ಮಕ್ಕಳಲ್ಲಿ ಭೇದವಿಲ್ಲ. ಓಡಾಡುವ ಮಗುವಿಗೆ ಐದು ಶಿಲಿಂಗ್, ಎದ್ದು ನಿಲ್ಲಲಾರದ ಮಗುವಿಗೂ ಐದೇ. ಅದು ಚೊಚ್ಚಲ ಮಗುವಾದರೆ ಅದೂ ಇಲ್ಲ.

ಬೆವರಿಜ್ ಮಹಾಶಯರ 1942ರ ವರದಿಯಿಂದ ಹೊರಟ ವಿಮಾಯೋಜನೆಯೂ ಈ ಮಕ್ಕಳನ್ನು ಮುಟ್ಟಲಿಲ್ಲ. ಅದರ ಆಧಾರವು ಚಂದಾ. ದುಡಿದವನು ಚಂದಾ ಕೊಟ್ಟು ಕಷ್ಟಕಾಲದಲ್ಲಿ ಪಡೆಯುವನು. ಹುಟ್ಟಿನಿಂದ ಅಶಕ್ತವಾದ ಮಗುವು ಎಂದೂ ಚಂದಾ ಕೊಟ್ಟಿಲ್ಲ. ಯುದ್ಧದಲ್ಲಿ ಅಂಗಹೀನನಾದ ಸಿಪಾಯಿಗೂ, 1948ರ ಜುಲೈಯಿಂದ ಕಾರ್ಖಾನೆಯ ಅಪಘಾತಕ್ಕೆ ಸಿಕ್ಕಿದ ಕೆಲಸಗಾರನಿಗೂ, ಸದಾಕಾಲ ಪರಿಚಾರಕರು ಬೇಕಾದ ಪಕ್ಷದಲ್ಲಿ ಅದಕ್ಕೆಂದೇ ಪ್ರತ್ಯೇಕವಾದ ಭತ್ಯವಿತ್ತು. ಹಾಸಿಗೆ ಒಂದೇ, ಎತ್ತಿ ಕೂರಿಸುವ ಕೈಗಳ ಶ್ರಮವೂ ಒಂದೇ. ಆದರೆ ಸಿಪಾಯಿಯ ಗಾಯಕ್ಕೆ ರಾಜ್ಯವು ಋಣಿ, ಕೆಲಸಗಾರನ ಗಾಯಕ್ಕೆ ಕೈಗಾರಿಕೆ ಋಣಿ. ಮಗುವಿನ ವೈಕಲ್ಯಕ್ಕೆ ಋಣಿಯಾದವರು ಯಾರೂ ಇಲ್ಲವೆಂದು ಭಾವಿಸಲಾಗಿತ್ತು. ಅದೇ 1948ರ ರಾಷ್ಟ್ರೀಯ ಸಹಾಯ ಶಾಸನವು ಹಳೆಯ ಬಡವರ ಶಾಸನವನ್ನು ರದ್ದುಮಾಡಿತು. ತಾತ ಅಜ್ಜಿಯರು 347 ವರ್ಷಗಳ ಹೊಣೆಯಿಂದ ಬಿಡುಗಡೆ ಹೊಂದಿದರು. ತಾಯಿತಂದೆಗಳ ಹೊಣೆ ಉಳಿಯಿತು.

ತಾಯಿತಂದೆಗಳು ತಾವೇ ಕೂಡಿಕೊಳ್ಳಲಾರಂಭಿಸಿದುದು ಈ ಕಾಲದಲ್ಲಿಯೇ. ಜೂಡಿ ಫ್ರಿಡ್ ಎಂಬ ತಾಯಿಯು 1946ರಲ್ಲಿ ಪತ್ರಿಕೆಯೊಂದಕ್ಕೆ ಬರೆದ ಕಾಗದದಿಂದ ಬುದ್ಧಿಮಾಂದ್ಯವುಳ್ಳ ಮಕ್ಕಳ ತಾಯಿತಂದೆಗಳ ಸಂಘವು ಹುಟ್ಟಿತು. 1965ರಲ್ಲಿ ಮೇಗನ್ ದು ಬ್ವಾಸೊಂ ಮತ್ತು ಬೆರಿಟ್ ಮೂರ್ ಎಂಬ ಇಬ್ಬರು ಗೃಹಿಣಿಯರು, ತಾವೇ ಅಂಗವೈಕಲ್ಯಕ್ಕೆ ಗುರಿಯಾದವರು, ಅಂಗವಿಕಲರಿಗೆ ವರಮಾನವನ್ನು ಕೇಳುವ ಒಂದು ಸಂಘವನ್ನು ಕಟ್ಟಿದರು. ಅವರ ವಾದ ಸರಳ: ವೈಕಲ್ಯವು ಎಲ್ಲಿಂದ ಬಂದಿತೆಂದು ಕೇಳಬೇಡಿ, ಅದರಿಂದ ಏನು ಬೇಕಾಯಿತೆಂದು ಕೇಳಿ. ದು ಬ್ವಾಸೊಂ ಅವರು 1969ರಲ್ಲಿ ಸಂಘದ ವಾರ್ಷಿಕ ಸಭೆಗೆ ಹೋಗುತ್ತಿರುವಾಗ ರಸ್ತೆಯ ಅಪಘಾತದಲ್ಲಿ ತೀರಿಕೊಂಡರು. ಮುಂದಿನ ವರ್ಷವೇ ಶಾಸನ ಬಂದಿತು.

1970ರ ಶಾಸನವು ನಿರ್ಮಿಸಿದ ಪರಿಚರ್ಯಾಭತ್ಯವು 1971ರ ಡಿಸೆಂಬರಿನಿಂದ ವಾರಕ್ಕೆ 4.80 ಪೌಂಡಿನಂತೆ ಸಲ್ಲತೊಡಗಿತು. ಇದಕ್ಕೆ ಚಂದಾ ಬೇಡ, ವರಮಾನದ ತನಿಖೆಯಿಲ್ಲ, ವೈಕಲ್ಯದ ಮೂಲವನ್ನು ಕೇಳುವಂತಿಲ್ಲ. ಹಗಲಿನಲ್ಲಿ ಪದೇ ಪದೇ ದೇಹಕೃತ್ಯಗಳಿಗೆ ನೆರವು ಬೇಕೇ, ಅಥವಾ ಅಪಾಯ ತಪ್ಪಿಸಲು ಸದಾ ಕಾವಲು ಬೇಕೇ? ರಾತ್ರಿ ದೀರ್ಘಕಾಲ ಅಥವಾ ಮತ್ತೆ ಮತ್ತೆ ಏಳಬೇಕೇ? ಹಗಲೂ ರಾತ್ರಿಯೂ ಬೇಕಾದವರಿಗೆ ಭತ್ಯ; ಹಗಲು ಅಥವಾ ರಾತ್ರಿ ಮಾತ್ರ ಬೇಕಾದವರಿಗೆ ಕಡಮೆಯ ದರವು 1973ರಿಂದ ಹಂತಹಂತವಾಗಿ ಬಂದಿತು. ತಾಯಿಯು ರಾತ್ರಿ ಎದ್ದು ಕೂರುವುದನ್ನು ಶಾಸನವೊಂದು ಎಣಿಕೆಗೆ ತಂದುದು ಅಪೂರ್ವವಾದ ಸಂಗತಿ.

ಮಕ್ಕಳ ವಿಷಯದಲ್ಲಿ ಶಾಸನಕಾರರು ಮತ್ತೊಂದು ಮಾತನ್ನು ಸೇರಿಸಬೇಕಾಯಿತು. ಎಲ್ಲ ಶಿಶುಗಳಿಗೂ ಹಗಲಿರುಳು ಪರಿಚರ್ಯೆ ಬೇಕೇ ಬೇಕು. ಆದುದರಿಂದ ಹದಿನಾರು ವರ್ಷದೊಳಗಿನ ಮಗುವಿಗೆ ಬೇಕಾಗುವ ನೆರವು, ಅದೇ ವಯಸ್ಸಿನ ಅದೇ ಲಿಂಗದ ಮಗುವಿಗೆ ಸಾಮಾನ್ಯವಾಗಿ ಬೇಕಾಗುವುದಕ್ಕಿಂತ ಗಣನೀಯವಾಗಿ ಹೆಚ್ಚಾಗಿರಬೇಕೆಂದು ನಿಯಮಿಸಿದರು. ಮೊದಲಲ್ಲಿ ನಾವು ಕೇಳಿದ ಪ್ರಶ್ನೆಗೆ ಶಾಸನವು ಕೊಟ್ಟ ಉತ್ತರ ಇದೇ. ಸಾಮಾನ್ಯ ಮಗುವಿನ ಪಾಲನೆ ಎಷ್ಟೋ ಅಷ್ಟು ಧರ್ಮ. ಅದನ್ನು ಕಳೆದು ಉಳಿದ ಶೇಷಕ್ಕೆ ಹಣ. ವ್ಯವಕಲನದ ಈ ಲೆಕ್ಕವು ತರ್ಕಕ್ಕೆ ಒಪ್ಪುವಂಥದು. ನಡೆಯಲ್ಲಿ ಅದು ಹೇಗಾಯಿತೆಂಬುದನ್ನು ಸ್ವಲ್ಪ ನಿಂತು ನೋಡಬೇಕು.

ಮೊದಲನೆಯದಾಗಿ, ಮಗುವು ಚಿಕ್ಕದಾದಷ್ಟೂ ಶೇಷವು ಚಿಕ್ಕದಾಗಿ ಕಾಣುವುದು. ಎರಡು ವರ್ಷ ತುಂಬುವವರೆಗೆ ಭತ್ಯವೇ ಇಲ್ಲವೆಂದು ಶಾಸನವು ಗೆರೆ ಎಳೆದಿತ್ತು. ಆ ಗೆರೆ 1990ರಲ್ಲಿ ಅಳಿಸಿತು. ಮೂಗಿನ ನಳಿಕೆಯ ಮೂಲಕ ಹಾಲೂಡಿಸಬೇಕಾದ ಆರು ತಿಂಗಳ ಕೂಸಿಗೂ ಎದೆಹಾಲು ಕುಡಿಯುವ ಆರು ತಿಂಗಳ ಕೂಸಿಗೂ ವ್ಯತ್ಯಾಸವಿಲ್ಲವೆಂದು ಹತ್ತೊಂಬತ್ತು ವರ್ಷ ನಡೆದುಬಂದಿತೆಂದರೆ ಲೆಕ್ಕದ ಮೊಂಡುತನ ತಿಳಿಯುವುದು. ಎರಡನೆಯದಾಗಿ, ಶೇಷವನ್ನು ಸಿದ್ಧಪಡಿಸುವ ಭಾರವು ತಾಯಿಯದು. ಮಗುವು ಏನನ್ನು ಕಲಿಯಿತೆಂದು ಸಂತೋಷಪಡುವ ತಾಯಿಯೇ, ಅರ್ಜಿಯ ಹಾಳೆಯ ಮೇಲೆ, ಅದು ಏನನ್ನು ಕಲಿಯಲಿಲ್ಲವೆಂದು ಒಂದೊಂದಾಗಿ ಬರೆಯಬೇಕು. ವೈದ್ಯರಿಗೆ ರೋಗದ ಹೆಸರು ಸಾಕು. ಪರಿಚರ್ಯಾಭತ್ಯಕ್ಕೆ ಹೆಸರು ಸಾಲದು, ದಿನಚರಿ ಬೇಕು. ಮೂರನೆಯದಾಗಿ, ಹಕ್ಕು ಮಗುವಿನದು. ತಾಯಿಯೋ ತಂದೆಯೋ ಮಗುವಿನ ಪರವಾಗಿ ಪಡೆಯುವವರು ಮಾತ್ರ. ಪಾಲನೆ ಮಾಡುವ ವ್ಯಕ್ತಿ ಶಾಸನದಲ್ಲಿ ಇನ್ನೂ ಕಾಣಿಸಿಕೊಂಡಿರಲಿಲ್ಲ.

ಇದರ ನಡುವೆ ಬಂದೊದಗಿದ ಒಂದು ದುರಂತವು ಸಹಾಯದ ಮತ್ತೊಂದು ಮಾರ್ಗವನ್ನು ತೆರೆಯಿತು. ಥ್ಯಾಲಿಡೊಮೈಡ್ ಎಂಬ ಔಷಧವನ್ನು ಡಿಸ್ಟಿಲ್ಲರ್ಸ್ ಎಂಬ ಕಂಪೆನಿಯು 1958ರಿಂದ ಬ್ರಿಟನ್ನಿನಲ್ಲಿ ಮಾರಿತು. 1961ರ ಕೊನೆಯಲ್ಲಿ ಹಿಂತೆಗೆದುಕೊಂಡಿತು. ಗರ್ಭಿಣಿಯರು ಇದನ್ನು ಸೇವಿಸಿದುದರಿಂದ ತೋಳು ಕಾಲುಗಳು ಬೆಳೆಯದ ನೂರಾರು ಮಕ್ಕಳು ಹುಟ್ಟಿದರು. ಪರಿಹಾರದ ಮೊಕದ್ದಮೆಗಳು ಹತ್ತು ವರ್ಷ ಎಳೆದಾಡಿದುವು. 1972ರ ಸೆಪ್ಟೆಂಬರಿನಲ್ಲಿ ಹೆರಾಲ್ಡ್ ಇವಾನ್ಸರ ಸಂಪಾದಕತ್ವದ ಸಂಡೇ ಟೈಮ್ಸ್ ಪತ್ರಿಕೆಯು ಇದನ್ನು ಬಯಲಿಗೆಳೆಯಿತು. ನವೆಂಬರ್ 29ರಂದು ಜ್ಯಾಕ್ ಆಶ್ಲಿಯವರು ಕಾಮನ್ಸ್ ಸಭೆಯಲ್ಲಿ ಚರ್ಚೆಯನ್ನು ಎತ್ತಿದರು. ಆಶ್ಲಿಯವರು ಸದಸ್ಯರಾದ ಮೇಲೆ ಕಿವಿ ಕಳೆದುಕೊಂಡು ತುಟಿಯ ಚಲನೆಯನ್ನು ನೋಡಿಯೇ ಸಭೆಯಲ್ಲಿ ಭಾಗವಹಿಸುತ್ತಿದ್ದವರು. ಕಂಪೆನಿಯು 1973ರಲ್ಲಿ ಹೆಚ್ಚಿನ ಪರಿಹಾರಕ್ಕೆ ಒಪ್ಪಿತು. ನಮ್ಮ ವಿಷಯಕ್ಕೆ ಅದಕ್ಕಿಂತಲೂ ಮುಖ್ಯವಾದುದು ಸರ್ಕಾರವು ಬೇರೆಯಾಗಿ ಕೊಟ್ಟ 30 ಲಕ್ಷ ಪೌಂಡು. ಒಂದು ಔಷಧದಿಂದ ನೊಂದ ಮಕ್ಕಳಿಗೆ ಮಾತ್ರ ಕೊಟ್ಟರೆ ಉಳಿದವರು ಮಾಡಿದ ತಪ್ಪೇನೆಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ಆದುದರಿಂದ ಹುಟ್ಟಿನಿಂದ ತೀವ್ರವಾದ ವೈಕಲ್ಯವುಳ್ಳ ಎಲ್ಲ ಮಕ್ಕಳ ಮನೆಗಳಿಗೂ ಆ ಹಣ ಸಲ್ಲತಕ್ಕುದೆಂದು ಗೊತ್ತುಮಾಡಿದರು.

ಈ ಕುಟುಂಬನಿಧಿಯನ್ನು 1973ರಲ್ಲಿ ಯಾರ್ಕ್ ನಗರದ ಜೋಸೆಫ್ ರೌಂಟ್ರಿ ಸ್ಮಾರಕ ಟ್ರಸ್ಟಿಗೆ ಒಪ್ಪಿಸಲಾಯಿತು. ವಾರದ ಭತ್ಯಕ್ಕೆ ಸಿಗದ ಅವಶ್ಯಕತೆಗಳನ್ನು ಅದು ಕಂಡಿತು. ದಿನಕ್ಕೆ ಹತ್ತು ಸಲ ಹಾಸಿಗೆಯ ಬಟ್ಟೆ ಒಗೆಯಬೇಕಾದ ಮನೆಗೆ ಬಟ್ಟೆ ಒಗೆಯುವ ಯಂತ್ರ, ಆಸ್ಪತ್ರೆಗೆ ಹೋಗಿಬರುವ ಪ್ರಯಾಣದ ವೆಚ್ಚ, ವರ್ಷಗಟ್ಟಲೆ ಊರು ಬಿಟ್ಟು ಹೋಗದ ಸಂಸಾರಕ್ಕೆ ಕೆಲವು ದಿನಗಳ ವಿಶ್ರಾಂತಿ. ಶಾಸನದ ಭಾಷೆಯಲ್ಲಿ ಇವು ಹಕ್ಕುಗಳಲ್ಲ, ಕೃಪೆ. ಆದರೂ ಹಕ್ಕುಗಳ ಪಟ್ಟಿ ಮರೆತುದನ್ನು ಕೃಪೆಯು ನೆನಪಿಟ್ಟುಕೊಂಡಿತೆಂದು ಹೇಳಲು ಅಡ್ಡಿಯಿಲ್ಲ. 1976ರ ಜನವರಿಯಿಂದ ಸಂಚಾರಭತ್ಯವೊಂದು ವಾರಕ್ಕೆ 5 ಪೌಂಡಿನಂತೆ ಆರಂಭವಾಗಿ, ಐದು ವರ್ಷ ತುಂಬಿದ ನಡೆಯಲಾರದ ಮಕ್ಕಳಿಗೂ ಕ್ರಮೇಣ ದೊರೆಯಿತು.

ಪಾಲಿಸುವವರ ಹೆಸರಿಗೇ ಹಣವು ಬಂದುದು 1976ರ ಜುಲೈಯಲ್ಲಿ. ಇದರ ಮೂಲವು ಮಕ್ಕಳ ಪಾಲನೆಯಲ್ಲಿಲ್ಲ. ಮೇರಿ ವೆಬ್‌ಸ್ಟರ್ ಎಂಬ ಕ್ರೈಸ್ತ ಧರ್ಮಬೋಧಕಿಯು ಮುದುಕರಾದ ತಾಯಿತಂದೆಗಳ ಶುಶ್ರೂಷೆಗಾಗಿ ತಮ್ಮ ವೃತ್ತಿಯನ್ನು ಬಿಟ್ಟವರು. ಅವರು 1963ರಲ್ಲಿ ಪತ್ರಿಕೆಗಳಿಗೆ ಬರೆದ ಕಾಗದದಿಂದ ಅವಿವಾಹಿತ ಹೆಣ್ಣುಮಕ್ಕಳ ಸಂಘವೊಂದು 1965ರಲ್ಲಿ ಹುಟ್ಟಿ ಈ ಬೇಡಿಕೆಯನ್ನು ಮುಂದಿಟ್ಟಿತು. ವಾರಕ್ಕೆ 35 ಗಂಟೆಗಳಿಗೆ ಕಡಮೆಯಿಲ್ಲದಂತೆ ಪರಿಚರ್ಯಾಭತ್ಯ ಪಡೆಯುವವರನ್ನು ನೋಡಿಕೊಳ್ಳುವವರಿಗೆ ಹಣವೆಂದು ನಿಯಮವಾಯಿತು. ಆದರೆ ವಿವಾಹಿತ ಸ್ತ್ರೀಗೆ ಇದು ಸಲ್ಲದು. ಅವಳು ಹೇಗಿದ್ದರೂ ಮನೆಯಲ್ಲಿಯೇ ಇರುತ್ತಿದ್ದಳೆಂಬುದು 1974ರ ಸರ್ಕಾರದ ಶ್ವೇತಪತ್ರದ ವಾದ. ಅಂಗವಿಕಲ ಮಕ್ಕಳನ್ನು ನೋಡಿಕೊಳ್ಳುವವರು ಬಹುಮಟ್ಟಿಗೆ ಅವರ ತಾಯಂದಿರು; ಆ ತಾಯಂದಿರಲ್ಲಿ ಬಹುಮಂದಿ ವಿವಾಹಿತರು. ಹೀಗಾಗಿ ಪಾಲನೆಗೆಂದೇ ಹುಟ್ಟಿದ ಮೊದಲ ಭತ್ಯವು, ಯಾರ ಪಾಲನೆಯು ಅತ್ಯಂತ ದೀರ್ಘವಾದುದೋ ಅವರನ್ನೇ ಹೊರಗಿಟ್ಟಿತು. ಮನೆಯಲ್ಲಿ ಇರುವುದಕ್ಕೂ ಮನೆಯಲ್ಲಿ ದುಡಿಯುವುದಕ್ಕೂ ಅಂತರವನ್ನು ಕಾಣದ ಈ ದೃಷ್ಟಿಗೂ ನೆರೆಮನೆಯ ಹೆಂಗಸಿಗೆ ಪೆನ್ನಿ ಕೊಟ್ಟು ತಾಯಿಗೆ ಕೊಡದಿದ್ದ ಹಳೆಯ ಪ್ಯಾರಿಷ್ಷಿನ ದೃಷ್ಟಿಗೂ ವ್ಯತ್ಯಾಸ ಬಹಳವಿಲ್ಲ.

ಬಾಗಿಲು ತೆರೆದುದು ಪಾರ್ಲಿಮೆಂಟಿನ ವಿವೇಕದಿಂದಲ್ಲ, ಹೊರಗಿನ ನ್ಯಾಯಾಲಯದಿಂದ. ಸಾಮಾಜಿಕ ಭದ್ರತೆಯಲ್ಲಿ ಸ್ತ್ರೀಪುರುಷರಿಗೆ ಸಮಾನತೆಯನ್ನು ವಿಧಿಸುವ ಯೂರೋಪಿನ ಸಮುದಾಯದ ಆದೇಶವು 1984ರ ಡಿಸೆಂಬರಿನಲ್ಲಿ ಜಾರಿಗೆ ಬಂದಿತ್ತು. ತನ್ನ ತಾಯಿಯನ್ನು ನೋಡಿಕೊಳ್ಳಲು ಕೆಲಸ ಬಿಟ್ಟ ವಿವಾಹಿತ ಸ್ತ್ರೀಯೊಬ್ಬಳ ಮೊಕದ್ದಮೆ, ಡ್ರೇಕ್ ಮೊಕದ್ದಮೆಯೆಂದು ಪ್ರಸಿದ್ಧವಾದುದು, ಲಕ್ಸೆಂಬರ್ಗಿನ ನ್ಯಾಯಾಲಯಕ್ಕೆ ಹೋಯಿತು. 1986ರ ಜೂನ್ 24ರಂದು ತೀರ್ಪು ಅವಳ ಪರವಾಗಿ ಬಂದಿತು. ಸೋಲುವೆವೆಂದು ತಿಳಿದ ಸರ್ಕಾರವು ಹಿಂದಿನ ದಿನವೇ ನಿಯಮವನ್ನು ಬದಲಾಯಿಸುವುದಾಗಿ ಸಾರಿತ್ತು. ಮಗಳು ತಾಯಿಗಾಗಿ ಹೂಡಿದ ಮೊಕದ್ದಮೆಯಿಂದ, ಮಕ್ಕಳಿಗಾಗಿ ದುಡಿಯುತ್ತಿದ್ದ ಸಾವಿರಾರು ವಿವಾಹಿತ ತಾಯಂದಿರಿಗೆ ಹತ್ತು ವರ್ಷ ತಡವಾಗಿ ಹಕ್ಕು ಬಂದಿತು.

1992ರಲ್ಲಿ ಪರಿಚರ್ಯಾಭತ್ಯ ಸಂಚಾರಭತ್ಯಗಳು ಅರುವತ್ತೈದರೊಳಗಿನವರಿಗೆ ಒಂದಾಗಿ ಅಂಗವೈಕಲ್ಯ ಜೀವನಭತ್ಯವೆಂಬ ಹೆಸರಾಯಿತು. ಪಾಲಕರ ಭತ್ಯಕ್ಕೆ ಈಗಿನ ಹೆಸರು 2003ರಲ್ಲಿ ಬಂದಿತು. ಸ್ಕಾಟ್ಲೆಂಡು 2021ರಿಂದ ಮಕ್ಕಳಿಗೆ ತನ್ನದೇ ಬೇರೆ ಭತ್ಯವನ್ನು ಕೊಡತೊಡಗಿತು. ಇವುಗಳ ವಿವರ ಇಲ್ಲಿ ಬೇಡ. ಒಂದು ತೀರ್ಪನ್ನು ಮಾತ್ರ ಬಿಡಲಾಗದು. ಮಗುವು 84 ದಿನಗಳಿಗಿಂತ ಹೆಚ್ಚು ಕಾಲ ಆಸ್ಪತ್ರೆಯಲ್ಲಿದ್ದರೆ ಅದರ ಭತ್ಯವು ನಿಂತುಹೋಗುತ್ತಿತ್ತು. ಆಸ್ಪತ್ರೆಯವರು ನೋಡಿಕೊಳ್ಳುವಾಗ ತಾಯಿತಂದೆಗಳಿಗೆ ಕೊಡುವುದೇಕೆಂಬುದು ನಿಯಮದ ಆಶಯ. ಒಂದು ವರ್ಷಕ್ಕೂ ಮಿಕ್ಕಿ ಆಸ್ಪತ್ರೆಯಲ್ಲಿದ್ದ ಬಾಲಕನೊಬ್ಬನ ಹಾಸಿಗೆಯ ಪಕ್ಕದಲ್ಲಿ ತಾಯಿತಂದೆಗಳು ಸರದಿಯಂತೆ ಹಗಲಿರುಳು ಇದ್ದು ಶುಶ್ರೂಷೆಯ ಬಹುಭಾಗವನ್ನು ತಾವೇ ನಡೆಸಿದ್ದರು. ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು 2015ರ ಜುಲೈ 8ರಂದು ಅವರ ಪರವಾಗಿ ತೀರ್ಪಿತ್ತು, ಅವನ ಭತ್ಯವನ್ನು ನಿಲ್ಲಿಸಿದುದು ಮಾನವಹಕ್ಕುಗಳಿಗೆ ವಿರುದ್ಧವಾದ ಭೇದಭಾವವೆಂದಿತು. ತೀರ್ಪು ಬರುವ ವೇಳೆಗೆ ಆ ಬಾಲಕನು ಬದುಕಿರಲಿಲ್ಲ. ಮುಂದಿನ ವರ್ಷ ಮಕ್ಕಳ ಮಟ್ಟಿಗೆ ಆ ನಿಯಮವನ್ನು ತೆಗೆದುಹಾಕಿದರು.

ಪಾಲಕರ ಭತ್ಯವು 2025ರ ಏಪ್ರಿಲ್‌ನಲ್ಲಿ ವಾರಕ್ಕೆ 83.30 ಪೌಂಡಿಗೆ ಬಂದಿತು. ಅದನ್ನು 35 ಗಂಟೆಗಳಿಗೆ ಹಂಚಿದರೆ ಗಂಟೆಗೆ 2.38 ಪೌಂಡ್, ಅದೇ ತಿಂಗಳಲ್ಲಿ ಪ್ರಾಪ್ತವಯಸ್ಕ ಕೆಲಸಗಾರನಿಗೆ ಕಾನೂನು ಗೊತ್ತುಮಾಡಿದ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್. ಹೊರಗೆ ದುಡಿದು ಪಡೆಯುವ ಹಣವು ವಾರಕ್ಕೆ 196 ಪೌಂಡಿನ ಮಿತಿಯನ್ನು ಒಂದು ಪೌಂಡಿನಷ್ಟು ಮೀರಿದರೂ ಆ ವಾರದ ಭತ್ಯವೆಲ್ಲ ಹೋಗುವಂತೆ ನಿಯಮವಿತ್ತು. ತಿಳಿಯದೆ ಮಿತಿ ಮೀರಿದವರಿಂದ ಸಾವಿರಾರು ಪೌಂಡುಗಳನ್ನು ಹಿಂದಕ್ಕೆ ಕೇಳಿದ ಸಂಗತಿಗಳು 2024ರಲ್ಲಿ ಅಲ್ಲಿಯ ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯಾದುವು. ಶಾಸನವು ಇದನ್ನು ಕೂಲಿಯೆಂದು ಎಂದೂ ಹೇಳಿಲ್ಲ. ಕೂಲಿಯನ್ನು ಬಿಟ್ಟುದಕ್ಕೆ ಕೊಡುವ ಸಮಾಧಾನವೆಂಬುದೇ ಅದರ ಮತ.

ಇನ್ನು ನಮ್ಮ ದೇಶಕ್ಕೂ ಈ ಚರಿತ್ರೆಗೂ ಇರುವ ಸಂಬಂಧವನ್ನು ಹೇಳಬೇಕು. ನಮ್ಮಲ್ಲಿ ಈ ವಿಚಾರವು ಪರದೇಶದಿಂದಲೇ ಬರಬೇಕಾಗಿರಲಿಲ್ಲ. ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಕುರುಡ, ಕುಂಟ, ಜಡ, ಉನ್ಮತ್ತ ಮೊದಲಾದವರನ್ನು ದಾಯಭಾಗದ ಪ್ರಕರಣದಲ್ಲಿ ಚರ್ಚಿಸಿದ್ದಾನೆ. ಅವರಿಗೆ ಪಾಲಿಲ್ಲ, ಆದರೆ ಅವರು ಭರ್ತವ್ಯರು, ಎಂದರೆ ಪಾಲನ್ನು ಪಡೆದವರಿಂದ ಪೋಷಣೆಗೆ ಅರ್ಹರು. ದೋಷವಿಲ್ಲದ ಅವರ ಗಂಡುಮಕ್ಕಳಿಗೆ ಪಾಲು ಸಲ್ಲುವುದು. ಪಾಲನ್ನು ಕಿತ್ತುಕೊಂಡುದು ಅನ್ಯಾಯವೇ. ಆದರೆ ಪೋಷಣೆಯ ಹೊಣೆಯನ್ನು ಹೆತ್ತವರ ಕರುಳಿಗೆ ಬಿಡದೆ ಕುಟುಂಬದ ಆಸ್ತಿಗೆ ಕಟ್ಟಿದುದು ಗಮನಾರ್ಹ. ಹೆತ್ತವರು ಸತ್ತ ಮೇಲೂ ಆಸ್ತಿಯು ಇರುವುದಷ್ಟೆ. ಪಾಲಿನ ನಿಷೇಧವು 1928ರ ಶಾಸನದಿಂದ ಬಹುಮಟ್ಟಿಗೂ 1956ರ ಹಿಂದೂ ಉತ್ತರಾಧಿಕಾರ ಶಾಸನದ 28ನೆಯ ಕಲಮಿನಿಂದ ಪೂರ್ತಿಯಾಗಿಯೂ ತೊಲಗಿತು. ಆಸ್ತಿಯಿಲ್ಲದ ಮನೆಗೆ ಮಾತ್ರ ಮಿತಾಕ್ಷರೆಯಲ್ಲಿಯೂ ಉತ್ತರವಿರಲಿಲ್ಲ.

ಆಸ್ತಿಯಿಲ್ಲದವರ ವಿಷಯವನ್ನು ಬ್ರಿಟಿಷರ ದಂಡಪ್ರಕ್ರಿಯಾ ಸಂಹಿತೆಯು ಕೈಗೆತ್ತಿಕೊಂಡಿತು. ತನ್ನನ್ನು ತಾನು ಪೋಷಿಸಿಕೊಳ್ಳಲಾರದ ಮಗುವಿಗೆ ತಂದೆಯು ಮಾಸಾಶನ ಕೊಡಬೇಕೆಂಬ ವಿಧಿಯು 1898ರ ಸಂಹಿತೆಯಲ್ಲಿ 488ನೆಯ ಕಲಮಾಗಿ ಪ್ರಸಿದ್ಧವಾಯಿತು. 1872ರ ಸಂಹಿತೆಯನ್ನು ರೂಪಿಸಿದ ಫಿಟ್ಸ್‌ಜೇಮ್ಸ್ ಸ್ಟೀಫನ್ನರು ಈ ವಿಧಿಯ ಉದ್ದೇಶವನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ: ಜನರು ನಿರ್ಗತಿಕರಾಗಿ ಅಲೆಯುವುದನ್ನು ತಡೆಯುವುದು. ಇದು ಎಲಿಜಬೆತ್ ರಾಣಿಯ ಕಾಲದ ವಿಚಾರವೇ. ಆದರೆ 1601ರ ಶಾಸನಕ್ಕೆ ಎರಡು ಕೈಗಳಿದ್ದುವು: ಒಂದು ತಂದೆಯನ್ನು ದಂಡಿಸುವ ಕೈ, ಇನ್ನೊಂದು ತಂದೆ ಅಶಕ್ತನಾದಾಗ ಊರಿನ ಕಂದಾಯದಿಂದ ಕೊಡುವ ಕೈ. ಹಡಗು ಹತ್ತಿ ಬಂದುದು ಮೊದಲನೆಯದು ಮಾತ್ರ. 1973ರ ಸಂಹಿತೆಯ 125ನೆಯ ಕಲಮು ದೇಹ ಅಥವಾ ಮನಸ್ಸಿನ ವೈಕಲ್ಯದಿಂದ ಅಶಕ್ತರಾದ ಪ್ರಾಪ್ತವಯಸ್ಕ ಮಕ್ಕಳಿಗೂ ತಂದೆಯ ಹೊಣೆಯನ್ನು ವಿಸ್ತರಿಸಿತು, ವಿವಾಹಿತಳಾದ ಮಗಳನ್ನು ಬಿಟ್ಟು; 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಅದು 144ನೆಯ ಕಲಮು. ಹೊಣೆಯು ಹೀಗೆ ಬೆಳೆಯಿತು.

ಕೊಡುವ ಕೈಯು ನಮ್ಮಲ್ಲಿ ಬೇರೆ ದಾರಿಗಳಿಂದ, ತುಂಡುತುಂಡಾಗಿ ಬಂದಿದೆ. 1961ರ ಆದಾಯ ತೆರಿಗೆಯ ಶಾಸನದ 80ಡಿಡಿ ಕಲಮು ಅಂಗವಿಕಲ ಅವಲಂಬಿಗಳನ್ನು ಪೋಷಿಸುವವರಿಗೆ ವಿನಾಯಿತಿ ಕೊಟ್ಟಿತು. 2015ರ ತಿದ್ದುಪಡಿಯಿಂದ ಅದು 75,000 ರೂಪಾಯಿ, ವೈಕಲ್ಯವು ನೂರಕ್ಕೆ 80 ಅಥವಾ ಹೆಚ್ಚಾದರೆ 1,25,000 ರೂಪಾಯಿ. ತೆರಿಗೆ ಕೊಡುವಷ್ಟು ವರಮಾನವುಳ್ಳವರಿಗೆ ಇದು ನೆರವು, ಕೂಲಿಯವನಿಗೆ ಶೂನ್ಯ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ 2008ರಲ್ಲಿ ದೊರೆತ 730 ದಿನಗಳ ಶಿಶುಪಾಲನಾ ರಜೆಯು ಸಂಬಳ ಪಡೆಯುವವರಿಗೆ. ಹಿಮಾಚಲ ಪ್ರದೇಶದ ಅಧ್ಯಾಪಕಿಯೊಬ್ಬರಿಗೆ ಅಂಗವಿಕಲನಾದ ಮಗನ ಪಾಲನೆಗೆ ಈ ಬಗೆಯ ರಜೆಯು ರಾಜ್ಯದ ನಿಯಮದಲ್ಲಿಲ್ಲವೆಂದು ನಿರಾಕರಿಸಲ್ಪಟ್ಟಾಗ, ಇಂಥ ತಾಯಂದಿರ ವಿಷಯದಲ್ಲಿ ನಿಯಮವನ್ನು ಪುನರ್ವಿಮರ್ಶಿಸತಕ್ಕುದೆಂದು ಸರ್ವೋಚ್ಚ ನ್ಯಾಯಾಲಯವು 2024ರ ಏಪ್ರಿಲ್‌ನಲ್ಲಿ ಆದೇಶಿಸಿತು. ನೆರೆಯ ಕೇರಳವು ಹಾಸಿಗೆ ಹಿಡಿದವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆಂದೇ ಆಶ್ವಾಸಕಿರಣಂ ಎಂಬ ಹೆಸರಿನಲ್ಲಿ ಮಾಸಿಕ ಸಹಾಯವನ್ನು ಏರ್ಪಡಿಸಿತು.

2017ರ ಏಪ್ರಿಲ್ 19ರಂದು ಜಾರಿಗೆ ಬಂದ 2016ರ ಅಂಗವಿಕಲರ ಹಕ್ಕುಗಳ ಶಾಸನದ 24ನೆಯ ಕಲಮಿನಲ್ಲಿ ಪಾಲಕಭತ್ಯವೆಂಬ ಮಾತು ಮೊದಲ ಸಲ ಭಾರತದ ಒಂದು ಸಾಮಾನ್ಯ ಶಾಸನದೊಳಗೆ ಬಂದಿತು. ಅದರ ವಾಕ್ಯರಚನೆಯನ್ನು ನೋಡತಕ್ಕುದು. ಭತ್ಯವು ಪಾಲಕರಿಗೆಂದು ಅಲ್ಲಿಲ್ಲ. ಹೆಚ್ಚಿನ ಆಸರೆ ಬೇಕಾದ ಅಂಗವಿಕಲ ವ್ಯಕ್ತಿಗೆ ಪಾಲಕಭತ್ಯವೆಂದಿದೆ. ಮೊತ್ತವಿಲ್ಲ, ಗಂಟೆಗಳ ಲೆಕ್ಕವಿಲ್ಲ, ಸಮಾನ ವಯಸ್ಸಿನ ಮಗುವಿನೊಡನೆ ಹೋಲಿಕೆಯಿಲ್ಲ. ಇವೆಲ್ಲವನ್ನೂ ಯೋಜನೆಗಳ ಮೂಲಕ ಆಯಾ ಸರ್ಕಾರವು ಗೊತ್ತುಮಾಡಬೇಕು. ಅದೂ ಆ ಸರ್ಕಾರದ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ. 125ನೆಯ ಕಲಮಿನಲ್ಲಿ ತಂದೆಯ ಸಾಮರ್ಥ್ಯವನ್ನು ಅಳೆಯುವವನು ನ್ಯಾಯಾಧೀಶ. 24ನೆಯ ಕಲಮಿನಲ್ಲಿ ಸರ್ಕಾರದ ಸಾಮರ್ಥ್ಯವನ್ನು ಅಳೆಯುವುದು ಸರ್ಕಾರವೇ.